ಒಂಟಿ ಕೈ ದೆವ್ವ

ಜಗಲಿಯಲ್ಲಿ ಬಯಸ್ಕೋಪಿನ ಮಾತು ಎದ್ದಿದ್ದೇ ತಡ, ದಾಕ್ಷಾಯಣಮ್ಮ ಮಜ್ಜಿಗೆ ಕಡೆಯುವುದನ್ನು ಬಿಟ್ಟು ಬಾಗಿಲ ಮರೆಗೆ ಬಂದು ನಿಂತಳು. ತನ್ನನ್ನು ಯಾರಾದರೂ ನೋಡಿಬಿಟ್ಟರೋ ಹೇಗೆ?

ಹೊಸದುರ್ಗದ ಸಂತೆ ಮೈದಾನದಲ್ಲಿ ಪಿಚ್ಚರಿನ ಡೇರೆ ಎದ್ದು ಎಂಟು ದಿನವಾಗಿತ್ತು. ಮೊದಲ ದಿನವೇ ಅವಳ ಗಂಡ, ಕೊಬ್ಬರಿ ವ್ಯಾಪಾರಿ ಓಬಳೇಶಪ್ಪ, ಬೀದಿಗೆಲ್ಲ ಕೇಳುವಂತೆ ಗುಡುಗಿದ್ದ: "ನಮ್ಮನೇರು ಯಾರಾದ್ರೂ ಆ ಡೇರೆಗೆ ಕಾಲಿಟ್ರೆ ಅವತ್ತೇ ತವರಿಗೆ ಗಾಡಿ ಕಟ್ತೀನಿ!" ಮನೆಯಲ್ಲಿದ್ದವಳು ಹೆಂಡತಿ ಒಬ್ಬಳೇ. ಗಾಡಿ ಯಾರಿಗೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ಗುಡುಗಿದವನು ಕತ್ತಲಾದರೆ ಮಠದ ಭಜನೆಗೆಂದು ಹೊರಟುಬಿಡುತ್ತಿದ್ದ. ಆಕೆಗೆ ಅಷ್ಟೇ ಸಾಕಾಗಿತ್ತು. ಸೆರಗನ್ನು ಮೂಗಿನ ತನಕ ಎಳೆದುಕೊಂಡು ಮೂರು ಸಲ ಹೋಗಿ ಬಂದಿದ್ದಳು. ಐಮಂಗಲದ ತವರಿಗೆ ಹಬ್ಬಕ್ಕೆ ಹೋಗುವುದು ಬೇರೆ, ಹೊರದಬ್ಬಿಸಿಕೊಂಡು ಹೋಗುವುದು ಬೇರೆ. ಆ ಹೆದರಿಕೆ ಅವಳಿಗೆ ಇದ್ದೇ ಇತ್ತು. ಹಾಗಂತ ದೆವ್ವದ ಪಿಚ್ಚರು ಬಿಡಲಾದೀತೇ?

ಡೇರೆಯ ನಡುವೆ ಚಿತ್ರ ಬೀಳುವ ಪರದೆ. ಅದರ ಮುಂದೆ ಗಂಡಸರು, ಹಿಂದೆ ಹೆಂಗಸರು. ಬಟ್ಟೆಗೆ ನೀರು ಹೊಡೆದು ನೆನೆಸುತ್ತಿದ್ದುದರಿಂದ ಚಿತ್ರ ಎರಡು ಕಡೆಗೂ ಕಾಣುತ್ತಿತ್ತು. ನಿನ್ನೆ ರಾತ್ರಿ ಪಿಚ್ಚರಿನಲ್ಲಿ ಸತ್ತ ಜಮೀನ್ದಾರ ದೆವ್ವವಾಗಿ ಬಾವಿಯಿಂದ ಎದ್ದು ಬಂದಾಗ, ಪಕ್ಕದಲ್ಲಿ ಕಂಬಳಿ ಮುಸುಕು ಹಾಕಿ ಕೂತಿದ್ದ ಹಟ್ಟಿಯ ಹೆಂಗಸು ಇವಳ ಕೈಯನ್ನು ಗಬಕ್ಕನೆ ಹಿಡಿದುಕೊಂಡಿದ್ದಳು. ಹಿಡಿದವಳು ಬಿಡಲೇ ಇಲ್ಲ. ಪಿಚ್ಚರು ಮುಗಿದು ದೀಪ ಹತ್ತುವ ಮೊದಲೇ ಎದ್ದು ಓಡಿದಳು. ಪಾಪ, ಎಂಥ ಪುಕ್ಕಲಿ ಎಂದು ದಾಕ್ಷಾಯಣಮ್ಮ ಮರುಗಿದ್ದಳು.

"ಮೊನ್ನೆ ಕೊಲೆ ಪಿಚ್ಚರಿಗಿಂತ ಇದೇ ಮೇಲು ಕಣ್ರೀ," ಜಗಲಿಯಲ್ಲಿ ಗಂಗಾಧರಪ್ಪ ಮೇಷ್ಟ್ರು ಹೇಳುತ್ತಿದ್ದರು. "ಅದ್ರಾಗೆ ಕೊಂದೋನು ಯಾರು ಅಂತ ಅರ್ಧಕ್ಕೇ ಗೊತ್ತಾಗೋಯ್ತು. ಇಲ್ಲಿ ಬಾವಿ ಕಟ್ಟೆ ಮ್ಯಾಲೆ ಬರೀ ಒಂದು ಕೈ ಬರ್ತದಲ್ಲ, ನನ್ನ ಜೀವನೇ ಬಾಯಿಗೆ ಬಂತು."

"ಬಲಗೈ," ಎಂದ ಪಾಲಯ್ಯ. ಪರದೆಗೆ ನೀರು ಹೊಡೆಯುವವನು ಅವನೇ. "ಎಡಗೈ ಮೊದ್ಲೇ ಕಡಿದಿರ್ತಾರೆ. ಉಳಿದ ಬಲಗೈಯಾಗೇ ಗುಮಾಸ್ತನ ಕುತ್ಗೆ ಹಿಚುಕ್ತಾನೆ."

"ನಿಮಗೆ ಬ್ಯಾರೆ ಕೆಲ್ಸ ಇಲ್ವೇನ್ರಪ್ಪ?" ಓಬಳೇಶಪ್ಪ ಗೊಣಗಿದ.

ಬಾಗಿಲ ಮರೆಯಲ್ಲಿ ದಾಕ್ಷಾಯಣಮ್ಮನ ಮೈ ಉರಿಯಿತು. ಬಲಗೈಯಂತೆ! ಎಡಗೈಯೆಂದು ಅವಳು ಕಣ್ಣಾರೆ ಕಂಡಿರಲಿಲ್ಲವೇ? ಇವರೇನು ನಿದ್ದೆ ಮಾಡುತ್ತಿದ್ದರೇ? ಬಾಯಿ ಬಿಟ್ಟರೆ ಗಾಡಿ ಕಟ್ಟಿದಂತೆಯೇ. ತುಟಿ ಕಚ್ಚಿ ಹಿಡಿದಳು.

"ಬಲಗೈ ಹಿಂಗೆ ಎತ್ತಿದ್ನಾ..." ಎಂದು ಮೇಷ್ಟ್ರು ಎದ್ದು ನಿಂತು ಅಭಿನಯಿಸತೊಡಗಿದರು.

"ಬಲಗೈ ಅಲ್ರೀ, ಎಡಗೈ!"

ದಾಕ್ಷಾಯಣಮ್ಮ ಥಟ್ಟನೆ ಬಾಯಿ ಮುಚ್ಚಿಕೊಂಡಳು. ಆದರೆ ಮಾತು ಅವಳ ಬಾಯಿಂದ ಬಂದಿರಲಿಲ್ಲ. ಆ ದನಿ ಗಂಡನದು.

"ನೀವು ಯಾವಾಗ ನೋಡಿದ್ರಿ?" ಮೇಷ್ಟ್ರು ಎತ್ತಿದ ಕೈ ಇಳಿಸದೆ ಕೇಳಿದರು.

"ನಾನೆಲ್ಲಿ ನೋಡ್ಲಿ? ಯಾರೋ... ಯಾರೋ ಹೇಳಿದ್ರು."

ಪಾಲಯ್ಯ ಗಹಗಹಿಸಿ ನಕ್ಕ. "ಹಂಗಾರೆ ಹೇಳಿದೋರು ಹೆಂಗಸ್ರೇ ಬಿಡ್ರಿ ಯಜಮಾನ್ರೆ! ಪರದೆ ಮುಂದೆ ಬಲಗೈ ಆಗಿದ್ದು ಹಿಂದಿನಿಂದ ಎಡಗೈಯಾಗಿ ಕಾಣ್ತೈತೆ. ಎರಡೂ ಕಡೆ ಓಡಾಡೋ ನನಗೆ ಗೊತ್ತಿಲ್ವೇ?"

ಎಲ್ಲರ ಕಣ್ಣೂ ಒಟ್ಟಿಗೇ ಬಾಗಿಲ ಕಡೆ ತಿರುಗಿತು. ದಾಕ್ಷಾಯಣಮ್ಮ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ಆದರೆ ಪಿಚ್ಚರಿನ ಒಂದಕ್ಷರವನ್ನೂ ಅವಳು ಯಾರ ಹತ್ತಿರವೂ ಆಡಿರಲಿಲ್ಲ. ಗಂಡನ ಮುಖ ನೋಡಿದಳು. ಅವನು ಬೆವರುತ್ತಿದ್ದ.

ಅವಳು ಒಳಗೆ ಹೋಗಿ ಮೂರು ಲೋಟ ಮಜ್ಜಿಗೆ ತಂದಳು. ಅವರಿಬ್ಬರಿಗೂ ಕೊಟ್ಟು, ಕೊನೆಯದನ್ನು ಗಂಡನ ಮುಂದಿಡುವಾಗ ಬಗ್ಗಿ, ಅವನೊಬ್ಬನಿಗೇ ಕೇಳುವಂತೆ ಹೇಳಿದಳು:

"ಇವತ್ತೂ ನನ್ ಪಕ್ಕದಾಗೇ ಕುಂತ್ಕಳಾದಾದ್ರೆ, ಕೈ ಚೂರು ಮೆತ್ತಗೆ ಹಿಡ್ಕಳ್ರಿ."