ಮಾನಮ್ಮನ ಕೊಂಡಿ

"ಎಷ್ಟು ಸರಳ ಮಾಡ್ಯಾಳ್ರಿ ನಮ್ಮ ತಂಗಿ ಮಾನಮ್ಮ! ಒಂದು ಕೊಂಡಿ, ಮುಗೀತು!" ಲಾಲಪ್ಪ ಮೇಸ್ತ್ರಿ ಹೊಗಳುತ್ತಲೇ ಇದ್ದ. ಪುಣೆಯ ವಕೀಲ ಕುಶಲ ಶೆಟ್ಟರು ಬರೆದುಕೊಳ್ಳುತ್ತಲೇ ಇದ್ದರು.

ಸ್ಲ್ಯಾಬ್ ಗಟ್ಟಿಯಾದ ಮೇಲೆ ಅದರಡಿಯ ಕಬ್ಬಿಣದ ಪ್ಲೇಟುಗಳನ್ನು ಕಿತ್ತು ಇಳಿಸುವುದು ಲಾಲಪ್ಪನ ಮೂವತ್ತು ವರ್ಷದ ಕಸುಬು. ಸಡಿಲಾದ ಪ್ಲೇಟು ಯಾರ ತಲೆ, ಯಾರ ಕೈ ಎಂದು ನೋಡದೆ ಬೀಳುತ್ತಿತ್ತು. ಅವನ ಗುಂಪಿನಲ್ಲಿ ಕೂಲಿಗಿದ್ದ ಮಾನಮ್ಮ ಅದಕ್ಕೊಂದು ಕೊಂಡಿ ಹಾಕಿದಳು. ಅಂದಿನಿಂದ ಪ್ಲೇಟು ಬೀಳದೆ ಬಾವಲಿಯ ಹಾಗೆ ಜೋತು ನಿಲ್ಲುತ್ತದೆ. 2005ರಲ್ಲಿ ಸೈಟಿನ ಇಂಜಿನಿಯರೊಬ್ಬರು, ಪುಣ್ಯಾತ್ಮರು, ಅವಳ ಹೆಸರಿನಲ್ಲೇ ಪೇಟೆಂಟಿಗೆ ಅರ್ಜಿ ಹಾಕಿಸಿದರು. ಅಂಥದೇ ಕೊಂಡಿ ಮಾಡಿ ಮಾರುತ್ತಿದ್ದ ಕಂಪನಿಯೊಂದು ಪೇಟೆಂಟ್ ಕೊಡಬಾರದೆಂದು ತಕರಾರು ತೆಗೆದಿತ್ತು.

ಲಾಲಪ್ಪನಿಗೆ ಈ ತಕರಾರು ಗೊತ್ತಿರಲಿಲ್ಲ. ಮಾನಮ್ಮನ ಕೊಂಡಿಯ ಬಗ್ಗೆ ಸಾಕ್ಷಿ ಹೇಳಬೇಕು ಎಂದದ್ದೇ ತಡ, ತಲೆಗೆ ಎಣ್ಣೆ ಹಚ್ಚಿ ಬಾಚಿ, ಹೆಗಲ ಮೇಲೆ ಟವೆಲ್ ಇಳಿಬಿಟ್ಟು, ಪಿಂಪ್ರಿಯಿಂದ ಲೋಕಲ್ ರೈಲು ಹಿಡಿದು ಬಂದುಬಿಟ್ಟಿದ್ದ. ಅವನ ಮಗ ಭೀಮು ಈಗ ಅದೇ ಕೆಲಸದಲ್ಲಿದ್ದ. ಅವಳ ಉಪಕಾರ ಅಷ್ಟಿಷ್ಟಲ್ಲ.

"ನೋಡಿದ ಕೂಡಲೇ ಗೊತ್ತಾಗ್ತದಾ?" ವಕೀಲರು ಕೇಳಿದರು.

"ಹೌದ್ರಿ! ಸಣ್ಣ ಕೂಸಿಗೂ ತಿಳೀತದ."

ವಕೀಲರು ಬರೆದದ್ದನ್ನು ಓದಿ ಹೇಳಿದರು: "ಈ ಕಸುಬು ಬಲ್ಲ ಯಾರಿಗಾದರೂ ಈ ಕೊಂಡಿ ತಾನಾಗಿಯೇ ಹೊಳೆಯುವಂಥದ್ದು. ಇದರಲ್ಲಿ ಹೊಸ ಬುದ್ಧಿಯೇನೂ ಇಲ್ಲ."

ಲಾಲಪ್ಪನ ನಗು ನಿಂತಿತು. "ಹಿಂಗ ಬರದ್ರ ಮಾನಮ್ಮಗ ಏನಾಗ್ತದ್ರಿ?"

"ಪೇಟೆಂಟ್ ಸಿಗುವುದಿಲ್ಲ. ನಾನು ಕಂಪನಿಯ ವಕೀಲ ಮಾರಾಯ್ರೆ, ನಿಮಗೆ ಯಾರೂ ಹೇಳ್ಲಿಲ್ವಾ?" ಶೆಟ್ಟರಿಗೂ ಮುಜುಗರವಾಯಿತು. ಆದರೂ ಮಸಿಯ ಪ್ಯಾಡನ್ನು ಮುಂದೆ ತಳ್ಳಿದರು. "ನೀವು ಹೇಳಿದ್ದೇ ಬರೆದದ್ದು. ಎಡಗೈ ಹೆಬ್ಬೆರಳು ಒತ್ತಿ."

ಲಾಲಪ್ಪ ಟವೆಲಿನ ಅಡಿಯಿಂದ ಎಡಗೈ ತೆಗೆದು ಪ್ಯಾಡಿನ ಪಕ್ಕದಲ್ಲಿಟ್ಟ. ಹೆಬ್ಬೆರಳು ಇರಲಿಲ್ಲ.

"ಕೊಂಡಿ ಬರೂದಕ್ಕ ಮೊದಲ ಹೋಗ್ಯದ್ರಿ ಇದು. ಅವಾಗಲೇ ಹದಿನೆಂಟು ವರ್ಷ ಪ್ಲೇಟ್ ಇಳಿಸಿದ್ದೆ ನಾ. ಎಲ್ಲಾರಿಗೂ ಹೊಳಿಯೂದಿದ್ರ ನನಗ್ಯಾಕ ಹೊಳೀಲಿಲ್ರಿ?"

ವಕೀಲರು ಪೆನ್ನು ಕೆಳಗಿಟ್ಟರು. ಲಾಲಪ್ಪ ಅದನ್ನೆತ್ತಿ ಮತ್ತೆ ಅವರ ಕೈಗೆ ಕೊಟ್ಟ.

"ನಮ್ಮ ಭೀಮುಗ ಹತ್ತೂ ಬೆರಳ ಅದಾವ್ರಿ ಸಾಹೇಬ್ರ. ಅದನ್ನ ಬರ್ಕೊಳ್ರಿ."