ತಮ್ಮನ ಇಸುಬು

ನನಗಾಗ ಒಂಬತ್ತು ವರ್ಷ. ಐವತ್ತು ವರ್ಷದ ಹಿಂದಿನ ಮಾತು. ಇವತ್ತಿಗೂ ಬೆಂಕಿಕಡ್ಡಿ ಗೀರಿದರೆ ತೆಂಗಿನಗುಂಡಿ ಊರಿನ ನಮ್ಮ ಮನೆಯ ಗಂಧಕದ ಎಣ್ಣೆಯ ವಾಸನೆ ಮೂಗಿಗೆ ಬರುತ್ತದೆ.

ಆರು ತಿಂಗಳ ತಮ್ಮನ ಕೆನ್ನೆ, ಮೊಣಕೈ ಮಡಿಕೆ ಕೆಂಪಾಗಿ ಒರಟಾಗಿದ್ದವು. ಕೆರೆದಲ್ಲಿ ನೀರು ಒಸರುತ್ತಿತ್ತು.

"ದೋಣಿ ದಕ್ಕೆ ಮಕ್ಕಳ ಸಂಗ್ತಿ ಆಡಿ ಕಜ್ಜಿ ತಂದ್ಯಲೆ! ಮುಟ್ಟಬೇಡ ಅವನ್ನ," ಎಂದು ಅವ್ವಿ, ನಮ್ಮ ತಾಯಿ, ನನ್ನನ್ನು ಜಗಲಿಗೆ ಹಾಕಿದಳು. ಊಟ, ನಿದ್ದೆ ಅಲ್ಲೇ. ಕಜ್ಜಿಗೆಂದು ಗಂಧಕದ ಎಣ್ಣೆ ಹಚ್ಚಿದಾಗ ತಮ್ಮ ಒಳಗೆ ಕಿರುಚುತ್ತಿದ್ದ. ನಾನು ಬಲೆಯ ರಾಶಿಯ ಮೇಲೆ ಕೂತು ಕೇಳುತ್ತಿದ್ದೆ.

ಹದಿನೈದು ದಿನದ ಮೇಲೆ ಒಂದು ಮಧ್ಯಾಹ್ನ ಸರ್ಕಾರಿ ಆಸ್ಪತ್ರೆಯ ನರ್ಸಮ್ಮ ಬಂದು ಅವನ ಮೈಯನ್ನೂ ನನ್ನ ಕೈಗಳನ್ನೂ ನೋಡಿದರು.

"ಕಜ್ಜಿ ಆಗಿದ್ರೆ ಮೊದ್ಲು ಇವಳ ಬೆರಳ ಸಂದಿಲೇ ಇರ್ತಿತ್ತು. ಇದು ಇಸುಬು ಮಾರಾಯ್ತಿ, ಅಂಟೂದಿಲ್ಲ. ಗಂಧಕ ಹಚ್ಚಿ ಎಂತಕ್ಕೆ ಮಗೂನ ಉರಿಸ್ತೆ?"

"ಆತು," ಎಂದಳು ಅವ್ವಿ. ಅಷ್ಟೇ.

ಮರುದಿನ ಬೆಳಿಗ್ಗೆ ಅವಳು ತಮ್ಮನನ್ನು ನನ್ನತ್ತ ನೀಡಿದಳು. ನಾನು ಕೈ ಚಾಚಲಿಲ್ಲ. ಕೊಡ ತೆಗೆದುಕೊಂಡು ಬಾವಿಗೆ ಹೋದೆ.