ರಸ್ತೆ ಬದಿಯ ಸಮಾಧಿ

"ಏಯ್! ಗಿಡದಿಂದ ಕೈ ತೆಗಿ!" ಬೇಲಿ ಸವರುವ ದೊಡ್ಡ ಕತ್ತರಿಯನ್ನು ಎತ್ತಿ ಹಿಡಿದು ರೀವಾ ಕೂಗಿದಳು. ರಸ್ತೆಯಲ್ಲಿ ನಿಂತಿದ್ದ ಟೋಪಿಯವನು ಬೇಲಿಯ ಕೊಂಬೆ ಬಗ್ಗಿಸಿ ಸ್ಮಶಾನದೊಳಗೆ ಇಣುಕುತ್ತಿದ್ದ. ಮೂರು ದಿನದಿಂದ ಇವನದು ಇದೇ ಕೆಲಸ. ಹಿಂದೊಮ್ಮೆ ಪುಂಡರು ಆರು ಸಮಾಧಿಕಲ್ಲು ಉರುಳಿಸಿ ಹೋದ ಮೇಲೆಯೇ ಅವಳು ಸುತ್ತಲೂ ಗಿಡ ನೆಟ್ಟು ಆಳೆತ್ತರ ಬೆಳೆಸಿದ್ದು. ಅಮೆರಿಕದ ಮಿಸಿಸಿಪ್ಪಿಯ ಆ ಊರಲ್ಲಿ ಉಳಿದಿದ್ದ ಯಹೂದಿ ಅವಳೊಬ್ಬಳೇ; ತನ್ನವರ ಆ ಸ್ಮಶಾನ ನೋಡಿಕೊಳ್ಳುತ್ತಿದ್ದವಳೂ ಅವಳೇ.

"ಗೇಟು ತೆಗೆದೇ ಇದೆಯಲ್ಲಯ್ಯ, ಕಳ್ಳನ ಹಾಗೆ ಯಾಕೆ ಇಣುಕ್ತೀಯ? ಒಳಗೆ ಬಾ."

"ಬರೋ ಹಾಗಿಲ್ಲಮ್ಮ."

"ಯಾಕೆ, ದೆವ್ವ ಮೆಟ್ಕೊಳ್ಳುತ್ತಾ?"

ಅವನು ನಗಲಿಲ್ಲ. "ನಮ್ಮದು ಯಹೂದಿ ಪುರೋಹಿತರ ವಂಶ. ಸಾವಿನ ಮೈಲಿಗೆ ತಾಗುತ್ತೆ ಅಂತ ಸ್ಮಶಾನದೊಳಗೆ ಕಾಲಿಡಬಾರದು. ನಮ್ಮಜ್ಜ ಇಲ್ಲೇ ರಸ್ತೆ ಬದಿಗೇ ಇದ್ದಾರೆ ಅಂತ ಅಪ್ಪ ಹೇಳ್ತಿದ್ರು."

"ಹೆಸರು?" ಅವಳ ಅನುಮಾನ ಇನ್ನೂ ಹೋಗಿರಲಿಲ್ಲ.

"ಇಸಿಡೋರ್ ಕೇಗನ್."

ರೀವಾ ತಿರುಗಿ ನೋಡಿದಳು. ಬೇಲಿಗೆ ಅಂಟಿಕೊಂಡಂತಿದ್ದ ಕಲ್ಲಿನ ಮೇಲೆ ಪುರೋಹಿತರ ಗುರುತಾದ, ಆಶೀರ್ವದಿಸುವ ಎರಡು ಕೈಗಳನ್ನು ಕೆತ್ತಲಾಗಿತ್ತು. ಕೆಳಗೆ ಅದೇ ಹೆಸರು. ನಡುವೆ ಅಷ್ಟು ಜಾಗವಿದ್ದರೂ ಇವರನ್ನೇಕೆ ಅಂಚಿಗೆ ತಳ್ಳಿದ್ದಾರೆಂದು ಚಿಕ್ಕಂದಿನಲ್ಲಿ ಅವಳು ಅಪ್ಪನನ್ನು ಕೇಳಿದ್ದಳು. "ರಸ್ತೇಲಿ ನಿಂತ ಅವರ ಮಕ್ಕಳು ಮೊಮ್ಮಕ್ಕಳಿಗೆ ಕಾಣಲಿ ಅಂತ," ಎಂದಿದ್ದ ಅಪ್ಪ. ಗಿಡ ನೆಡುವಾಗ ಅದು ನೆನಪಾಗಿರಲಿಲ್ಲ.

"ಹಿಂದೆ ಸರಿಯಪ್ಪ, ತಾಗೀತು," ಎಂದು ಅವಳು ಕತ್ತರಿಯನ್ನು ಗಿಡದ ಬುಡಕ್ಕೇ ಹಾಕಿದಳು. ಮೊದಲ ಗಿಡ ರಸ್ತೆಗೆ ಬಿತ್ತು. ಎರಡನೆಯದಕ್ಕೆ ಕೈ ಹಾಕುತ್ತ ಕೇಳಿದಳು: "ಮನೆಯವರೆಲ್ಲ ಬಂದು ಇಲ್ಲಿ ನಿಂತ್ರೆ ಎಷ್ಟು ಜನ ಆಗ್ತೀರಿ?"